ಬಿಳಿ ಮಚ್ಚೆಗೆ ಸೂಜಿ ಚಿಕಿತ್ಸೆ: ಸಾಲ ಬರೆಸುವ ಮುಂಚೆ ತಿಳಿದುಕೊಳ್ಳೋಣ

(ಹಳೇಬೀಡಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಹೊಲದ ಕೆಲಸ, ಡೇರಿಗೆ ಹಾಲು ಹಾಕುವ ಕೆಲಸ ಎಲ್ಲ ಮುಗಿಸಿಕೊಂಡು, ಮನೆಯವರಿಗೆ ಅಡುಗೆ ಮಾಡಿಟ್ಟು ಇಲ್ಲಿಗೆ ಬಂದಿದ್ದೀರಿ. ನಿಮ್ಮ ಸಮಯಕ್ಕೆ ಬೆಲೆ ಇದೆ. ಅದಕ್ಕೇ ನೇರವಾಗಿ ವಿಷಯಕ್ಕೆ ಬರ್ತೀನಿ.

ಸಂಘದಲ್ಲಿ ಸಾಲ ಕೇಳುವಾಗ ಹಸು ಕೊಳ್ಳೋದಕ್ಕೆ, ಬಿತ್ತನೆ ಆಲೂಗಡ್ಡೆಗೆ, ಮಕ್ಕಳ ಫೀಸಿಗೆ ಅಂತ ಎಲ್ಲರ ಮುಂದೆ ಹೇಳ್ತೀವಿ. ಆದರೆ ಮಗಳ ಮೈಮೇಲೆ ಬಿಳಿ ಮಚ್ಚೆ ಬಂದಿದೆ ಅಂದಾಗ ಮಾತ್ರ ಬಾಯಿ ಕಟ್ಟುತ್ತೆ. ನಡಾವಳಿ ಪುಸ್ತಕದಲ್ಲಿ 'ಮನೆ ಖರ್ಚಿಗೆ' ಅಂತ ಬರೆಸ್ತೀವಿ. ಆ ಹಣ ಎಲ್ಲಿಗೆ ಹೋಯಿತು, ಅದರಿಂದ ಗುಣ ಆಯಿತೋ ಇಲ್ಲವೋ ಅಂತ ಕೇಳುವವರೂ ಇರುವುದಿಲ್ಲ. ಹೀಗೆ ಗುಟ್ಟಾಗಿ ಖರ್ಚು ಮಾಡುವ ಕಡೆಯಲ್ಲೇ ಮೋಸ ಜಾಸ್ತಿ.

ಈಗ ಫೋನಿನಲ್ಲಿ ಒಂದು ಹೊಸ ಹೆಸರು ಓಡಾಡುತ್ತಿದೆ: ಮೈಕ್ರೋನೀಡ್ಲಿಂಗ್. ಅಂದರೆ ಸಣ್ಣ ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವ ಚಿಕಿತ್ಸೆ. 'ಸೂಜಿ ಹಾಕಿಸಿದರೆ ತೊನ್ನು ಹೋಗುತ್ತಂತೆ, ನಿಜವೇ?' ಅಂತ ಕೇಳ್ತಾರೆ. ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಅಂತ ನೋಡೋಣ.

ತೊನ್ನು ಅಂದರೆ ಏನು?

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿವೆ. ಇವನ್ನು ಬಣ್ಣದ ಕೋಶಗಳು ಅಂತ ಕರೆಯೋಣ. ರೋಗಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ದೇಹದ ರಕ್ಷಣಾ ಶಕ್ತಿ, ದಾರಿ ತಪ್ಪಿ ಈ ಬಣ್ಣದ ಕೋಶಗಳ ಮೇಲೆ ಬಿದ್ದು ನಾಶ ಮಾಡುತ್ತದೆ. ಕಾವಲಿಗೆ ಇಟ್ಟ ನಾಯಿ ಮನೆ ಕೋಳಿಯನ್ನೇ ಹಿಡಿದ ಹಾಗೆ. ಕೋಶಗಳು ಸತ್ತ ಜಾಗ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದೇ ತೊನ್ನು. ಪ್ರಪಂಚದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಇದೆ ಅಂತ ಅಂದಾಜು.

ಇದು ಅಂಟುರೋಗ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ತಾಯಿ ಮಗುವಿಗೆ ಹಾಲು ಕುಡಿಸಿದರೂ ಬರುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತೆ, ಹುಳಿ ತಿಂದರೆ ಹೆಚ್ಚುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಪಥ್ಯದ ಹೆಸರಿನಲ್ಲಿ ಬೆಳೆಯುವ ಹುಡುಗಿಗೆ ಮೊಸರು, ನಿಂಬೆಹಣ್ಣು ಬಿಡಿಸಿದರೆ ರಕ್ತಹೀನತೆ ಬಂದೀತೇ ಹೊರತು ಮಚ್ಚೆ ಹೋಗದು. ಇನ್ನು ವಂಶದ ಮಾತು. ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಅಷ್ಟೇ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ತೊನ್ನು ಬಂದರೂ, ಇನ್ನೊಬ್ಬರಿಗೆ ಬರುವುದು ನಾಲ್ಕರಲ್ಲಿ ಒಂದು ಜೋಡಿಗೂ ಕಡಿಮೆ.

ದೊಡ್ಡ ತೊಂದರೆ ಬಂದದ್ದು ಹೆಸರಿನಿಂದ. ಹಿಂದಿನಿಂದ ಇದನ್ನು ಶ್ವೇತಕುಷ್ಠ ಅಂತ ಕರೆದರು. ಹಾಗಾಗಿ ಜನ ಕುಷ್ಠ ಅಂತ ಹೆದರಿದರು. ಎರಡೂ ಬೇರೆ ಬೇರೆ. ಕುಷ್ಠದ ಮಚ್ಚೆ ಹಾಲಿನಂತೆ ಬೆಳ್ಳಗಿರುವುದಿಲ್ಲ, ಮಾಸಲಾಗಿ ಅಥವಾ ಕೆಂಪಗಿರುತ್ತದೆ. ಅಲ್ಲಿ ಮುಟ್ಟಿದರೆ, ಚುಚ್ಚಿದರೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ತೊನ್ನಿನಲ್ಲಿ ಸ್ಪರ್ಶ ಪೂರ್ತಿ ಇರುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದಾಗ ಆ ರೋಗಕ್ಕೆ ಸರಿಯಾದ ಮದ್ದೇ ಇರಲಿಲ್ಲ. ಇವತ್ತು ಕುಷ್ಠವೂ 6 ಅಥವಾ 12 ತಿಂಗಳ ಮಾತ್ರೆಯಿಂದ ಗುಣವಾಗುತ್ತದೆ, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕುಷ್ಠದ ಕಾರಣಕ್ಕೆ ವಿಚ್ಛೇದನ ಕೊಡುವಂತಿಲ್ಲ ಅಂತ 2019ರಲ್ಲಿ ಕಾನೂನೇ ತಿದ್ದುಪಡಿ ಆಯಿತು. ಹೀಗಿರುವಾಗ ತೊನ್ನು ಬಂದ ಹೆಣ್ಣುಮಗಳನ್ನು ದೂರ ಇಡುವುದಕ್ಕೆ ಯಾವ ನ್ಯಾಯ ಇದೆ?

ಇನ್ನೊಂದು ಮಾತು. ಬೆಳ್ಳಗಿದ್ದದ್ದೆಲ್ಲ ತೊನ್ನಲ್ಲ. ಬೆನ್ನು, ಕುತ್ತಿಗೆ ಮೇಲೆ ಬರುವ ಚಿಬ್ಬು, ಮಕ್ಕಳ ಕೆನ್ನೆಯ ಮೇಲಿನ ಮಾಸಲು ಮಚ್ಚೆ, ಸುಟ್ಟ ಗಾಯದ ಕಲೆ, ಇವೆಲ್ಲ ಬೇರೆ. ಸ್ಟಿಕ್ಕರ್ ಬೊಟ್ಟಿನ ಅಂಟು, ರಬ್ಬರ್ ಚಪ್ಪಲಿ, ಕೂದಲಿಗೆ ಹಚ್ಚುವ ಬಣ್ಣ, ಇವುಗಳಲ್ಲಿರುವ ಕೆಲವು ರಾಸಾಯನಿಕಗಳೂ ತಾಗಿದ ಜಾಗವನ್ನು ಬಿಳಿ ಮಾಡಬಲ್ಲವು. ಹಣೆಯಲ್ಲಿ ಬೊಟ್ಟಿನ ಅಳತೆಗೇ ಬಿಳಿ ಕಂಡರೆ ಮೊದಲು ಸ್ಟಿಕ್ಕರ್ ಬಿಡಿ, ಕುಂಕುಮ ಇಡಿ, ವೈದ್ಯರಿಗೆ ತೋರಿಸಿ. ರೋಗ ಯಾವುದು ಅಂತ ಗೊತ್ತಾಗುವ ಮುಂಚೆ ಯಾವ ಸೂಜಿಯೂ ಬೇಡ.

ಚಿಕಿತ್ಸೆಗೆ ಮೂರು ಹೆಜ್ಜೆ

ಮೊದಲನೆಯದು, ಹರಡುವುದನ್ನು ನಿಲ್ಲಿಸುವುದು. ಎರಡನೆಯದು, ಹೋದ ಬಣ್ಣ ತರಿಸುವುದು. ಮೂರನೆಯದು, ಬಂದ ಬಣ್ಣ ಉಳಿಸಿಕೊಳ್ಳುವುದು. ಸೂಜಿ ಚಿಕಿತ್ಸೆಗೆ ಜಾಗ ಇರುವುದು ಎರಡನೇ ಹೆಜ್ಜೆಯಲ್ಲಿ ಮಾತ್ರ. ಇದೊಂದು ಮಾತು ನೆನಪಿಟ್ಟುಕೊಂಡರೂ ಸಾಕು, ಇವತ್ತಿನ ಸಭೆ ಸಾರ್ಥಕ.

ಹರಡುತ್ತಿರುವಾಗ ವೈದ್ಯರು ಹಚ್ಚುವ ಮುಲಾಮು ಕೊಡ್ತಾರೆ, ಬೇಕಾದರೆ ಸ್ವಲ್ಪ ಕಾಲ ಮಾತ್ರೆ ಕೊಡ್ತಾರೆ. ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚಾಗಿ ಕಾಣುವುದರಿಂದ ರಕ್ತ ಪರೀಕ್ಷೆಯನ್ನೂ ಹೇಳಬಹುದು. ಬಣ್ಣ ತರಿಸಲು ಬಹಳ ಕಡೆ ಬಳಸುವುದು ಬೆಳಕಿನ ಚಿಕಿತ್ಸೆ. ನ್ಯಾರೋಬ್ಯಾಂಡ್ ಯುವಿಬಿ ಅಂತ ಅದರ ಹೆಸರು. ಸೂರ್ಯನ ಬೆಳಕಿನಲ್ಲಿರುವ ಒಂದು ಚಿಕ್ಕ ಭಾಗವನ್ನು ಮಾತ್ರ ವಿಶೇಷ ದೀಪದಿಂದ ಅಳತೆ ಮಾಡಿ ಚರ್ಮಕ್ಕೆ ಕೊಡ್ತಾರೆ. ವಾರಕ್ಕೆ ಎರಡು ಮೂರು ಸಲ, ದಿನ ಬಿಟ್ಟು ದಿನ, ತಿಂಗಳುಗಟ್ಟಲೆ. 1997ರಲ್ಲಿ ಹಾಲೆಂಡಿನ ವೈದ್ಯರು ಇದನ್ನು ತೊನ್ನಿಗೆ ಬಳಸಿ ವರದಿ ಮಾಡಿದ ಮೇಲೆ ಎಲ್ಲ ಕಡೆ ಹರಡಿತು.

ಸೂಜಿಯ ಕೆಲಸ ಏನು?

ನಮ್ಮ ಅಜ್ಜಿಯಂದಿರ ಕೈ ಮೇಲೆ ಹಚ್ಚೆ ನೋಡಿದ್ದೀರಿ. ಈ ಚಿಕಿತ್ಸೆಯ ಕತೆಯಲ್ಲೂ ಹಚ್ಚೆ ಬರುತ್ತದೆ. ಕೆನಡಾ ದೇಶದ ಕಮಿರಾಂಡ್ ಎಂಬ ವೈದ್ಯರು, ಬೆಳ್ಳಗಾದ ಗಾಯದ ಕಲೆಗಳನ್ನು ಮರೆಮಾಡಲು ಚರ್ಮದ ಬಣ್ಣದ ಹಚ್ಚೆ ಹಾಕುತ್ತಿದ್ದರು. ಕಾಲ ಕಳೆದಂತೆ ಹಚ್ಚೆಯ ಬಣ್ಣ ಮಾಸಿತು, ಆದರೆ ಅಲ್ಲಿ ಚರ್ಮದ ಸ್ವಂತ ಬಣ್ಣ ಮೂಡಿತ್ತು. ಹಾಗಾದರೆ ಕೆಲಸ ಮಾಡಿದ್ದು ಬಣ್ಣವಲ್ಲ, ಸೂಜಿ ಅಂತ ಅವರು ಯೋಚಿಸಿದರು. ಬಣ್ಣ ಇಲ್ಲದೆ ಬರೀ ಸೂಜಿ ಚುಚ್ಚಿ ನೋಡಿ 1997ರಲ್ಲಿ ಅದನ್ನು ಪ್ರಕಟಿಸಿದರು. ಹಾಗಂತ ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡರೆ ತೊನ್ನು ಹೋಗುತ್ತೆ ಅಂತ ಯಾರೂ ತಿಳಿಯಬೇಡಿ. ಅವರು ನೋಡಿದ್ದು ಗಾಯದ ಕಲೆ, ತೊನ್ನಲ್ಲ.

ಈಗ ಬಳಸುವ ಸಾಧನ ಎರಡು ರೀತಿ. ಒಂದು, ಸಣ್ಣ ಸೂಜಿಗಳಿರುವ ಉರುಳೆ. ಇನ್ನೊಂದು, ಪೆನ್ನಿನ ಹಾಗಿರುವ ಯಂತ್ರ. ಸೂಜಿಯ ಉದ್ದ ಸಾಮಾನ್ಯವಾಗಿ 0.5ರಿಂದ 1.5 ಮಿಲಿಮೀಟರ್, ಹೆಚ್ಚೆಂದರೆ ಒಂದು ರಾಗಿ ಕಾಳಿನ ದಪ್ಪ. ಮೊದಲು ಮರಗಟ್ಟಿಸುವ ಮುಲಾಮು ಹಚ್ಚಿ, ಶುಚಿ ಮಾಡಿ, ಮಚ್ಚೆಯ ಮೇಲೂ ಅದರ ಅಂಚಿನಲ್ಲೂ ಚುಚ್ಚುತ್ತಾರೆ. ರಕ್ತ ಸಣ್ಣ ಸಣ್ಣ ಚುಕ್ಕಿಯಾಗಿ ಕಾಣಿಸುತ್ತದೆ. ಆಮೇಲೆ ಮದ್ದು ಹಚ್ಚುತ್ತಾರೆ. ಟ್ಯಾಕ್ರೊಲಿಮಸ್ ಅನ್ನೋದು ಒಂದು ಮದ್ದು, ಫೈವ್ ಫ್ಲೋರೊಯುರಾಸಿಲ್ ಅನ್ನೋದು ಇನ್ನೊಂದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹೀಗೆ ಹಲವು ಸಲ ಮಾಡ್ತಾರೆ.

ನಮ್ಮ ಹೊಲದ ಲೆಕ್ಕದಲ್ಲಿ ಹೇಳ್ತೀನಿ. ಕೂರಿಗೆ ಹೊಡೆದರೆ ನೆಲದಲ್ಲಿ ಸಾಲು ಬೀಳುತ್ತೆ. ಬರೀ ಸಾಲು ಹೊಡೆದು ಬಿಟ್ಟರೆ ಪೈರು ಬರುತ್ತಾ? ಬೀಜ ಬೀಳಬೇಕು, ಮಳೆ ಬಿಸಿಲು ಬೇಕು. ಸೂಜಿ ಸಾಲು ಹೊಡೆಯುತ್ತದೆ. ಮೇಲಿನ ಗಟ್ಟಿ ಚರ್ಮ ದಾಟಿ ಮದ್ದು ಒಳಗೆ ಇಳಿಯಲು ದಾರಿ ಮಾಡುತ್ತದೆ. ಜೊತೆಗೆ, ಚಿಕ್ಕ ಗಾಯ ಮಾಯುವಾಗ ಹುಟ್ಟುವ ಕೆಲವು ಅಂಶಗಳು ಅಕ್ಕಪಕ್ಕದ ಬಣ್ಣದ ಕೋಶಗಳನ್ನು ಕರೆತರಲು ನೆರವಾಗುತ್ತವೆ. ಮದ್ದು ಬೀಜದ ಹಾಗೆ, ಬೆಳಕಿನ ಚಿಕಿತ್ಸೆ ಬಿಸಿಲಿನ ಹಾಗೆ. ಮೂರೂ ಸೇರಿದರೆ ಬರುವ ಫಲ ಒಂದೊಂದರಿಂದ ಬರುವ ಫಲಕ್ಕಿಂತ ಚೆನ್ನಾಗಿದೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅವೆಲ್ಲ ಕಡಿಮೆ ಜನರ ಮೇಲೆ ಮಾಡಿದ ಚಿಕ್ಕ ಅಧ್ಯಯನಗಳು. ಬರೀ ಸೂಜಿಯನ್ನೇ ನಂಬಿ ಹಣ ಕಟ್ಟುವಂತಿಲ್ಲ.

ಯಾರಿಗೆ ಆಗುತ್ತದೆ, ಯಾರಿಗೆ ಬೇಡ?

ಮಚ್ಚೆ ಹರಡುತ್ತಿರುವಾಗ ಸೂಜಿ ಬೇಡ. ಆಗ ಚರ್ಮಕ್ಕೆ ಎಲ್ಲಿ ಗಾಯವಾದರೂ ಅಲ್ಲೇ ಹೊಸ ತೊನ್ನು ಹುಟ್ಟಬಹುದು. ಇದು ನಮಗೆಲ್ಲ ಕಣ್ಣಿಗೆ ಕಂಡಿರುವ ಸಂಗತಿ. ಲಂಗದ ಲಾಡಿ ಬಿಗಿದ ಸೊಂಟದ ಸುತ್ತ, ಚಪ್ಪಲಿ ಪಟ್ಟಿ ಉಜ್ಜುವ ಪಾದದ ಮೇಲೆ, ಬಿಗಿ ಬಳೆಯ ಮಣಿಕಟ್ಟಿನಲ್ಲಿ ಮಚ್ಚೆ ಸಾಲಾಗಿ ಬರುತ್ತದಲ್ಲ, ಅದಕ್ಕೆ ಕಾರಣ ಇದೇ. ಉಜ್ಜುವುದಕ್ಕೇ ಹೀಗೆ ಆಗುವಾಗ, ನೂರಾರು ಸೂಜಿ ಚುಚ್ಚಿದರೆ ಏನಾದೀತು? ಹಾಗಾಗಿ ಮಚ್ಚೆ ನಿಂತಿದೆ ಅನ್ನೋದು ಖಾತ್ರಿಯಾಗಬೇಕು. ಚರ್ಮ ಕಸಿಯಂಥ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಒಂದು ವರ್ಷ ಹೊಸ ಮಚ್ಚೆ ಬಂದಿರಬಾರದು, ಹಳೆಯದು ಬೆಳೆದಿರಬಾರದು ಅಂತ ನೋಡ್ತಾರೆ. ಸೂಜಿಗೆ ಎಷ್ಟು ಕಾಯಬೇಕು ಅನ್ನೋದನ್ನು ಚರ್ಮರೋಗ ತಜ್ಞರು ಹೇಳಬೇಕು, ಅಂಗಡಿಯವರಲ್ಲ.

ಮಚ್ಚೆ ನಿಂತಿದೆಯೇ ಅಂತ ತಿಳಿಯಲು ಮನೆಯಲ್ಲೇ ಒಂದು ಕೆಲಸ ಮಾಡಿ. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ನಾಣ್ಯಕ್ಕೆ ಹೋಲಿಸಿದರೆ ಬೆಳೆದಿದೆಯೋ ಇಲ್ಲವೋ ಗೊತ್ತಾಗುತ್ತದೆ. ವೈದ್ಯರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಬಸುರಿ, ಬಾಣಂತಿಯರಿಗೆ ಫೈವ್ ಫ್ಲೋರೊಯುರಾಸಿಲ್ ಕೂಡದು. ಅದು ಕ್ಯಾನ್ಸರಿಗೂ ಬಳಸುವ ಮದ್ದು. ಮುಟ್ಟು ನಿಂತಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ನಾಚಿಕೊಳ್ಳದೆ ಮೊದಲೇ ಹೇಳಿ. ಗಾಯ ಮಾಯ್ದ ಜಾಗ ಉಬ್ಬಿ ಗಂಟಾಗುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಆ ಜಾಗದಲ್ಲಿ ಹುಣ್ಣು ಕೀವು ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಕೂಡ ಮುಂಚೆಯೇ ತಿಳಿಸಬೇಕು.

ಎಷ್ಟು ಆಸೆ ಇಟ್ಟುಕೊಳ್ಳಬಹುದು?

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಬೆಳಕಿನ ಚಿಕಿತ್ಸೆಯ ಫಲವನ್ನು ಲೆಕ್ಕ ಹಾಕಿದರು. ಮಚ್ಚೆಯಲ್ಲಿ ಮುಕ್ಕಾಲು ಭಾಗ ಅಥವಾ ಹೆಚ್ಚು ಬಣ್ಣ ಬಂದವರು, 6 ತಿಂಗಳಿಗೆ ನೂರಕ್ಕೆ ಸುಮಾರು 19 ಜನ. 12 ತಿಂಗಳಿಗೆ ಸುಮಾರು 36 ಜನ. ಇದರಿಂದ ಏನು ಗೊತ್ತಾಗುತ್ತೆ? ಅರ್ಧಕ್ಕೆ ಬಿಟ್ಟವರು ಕಳೆದುಕೊಂಡರು. ಜಾಗದಿಂದ ಜಾಗಕ್ಕೂ ಬಹಳ ವ್ಯತ್ಯಾಸ. ಮುಖ, ಕುತ್ತಿಗೆಯಲ್ಲಿ ನೂರಕ್ಕೆ 44 ಜನರಿಗೆ ಇಷ್ಟು ಚೆನ್ನಾಗಿ ಬಣ್ಣ ಬಂತು. ಅಂಗೈ ಅಂಗಾಲು ಬೆರಳುಗಳ ಕಡೆ ಹೀಗೆ ಬಂದವರು ಇಲ್ಲವೆಂದೇ ಹೇಳಬೇಕು.

ಯಾಕೆ ಹೀಗೆ? ಬಣ್ಣದ ಕೋಶಗಳ ಬಿತ್ತನೆ ಬೀಜ ಇರುವುದು ಕೂದಲಿನ ಬುಡದಲ್ಲಿ. ಬಣ್ಣ ವಾಪಸ್ ಬರುವಾಗ ಕೂದಲಿನ ಸುತ್ತ ಚುಕ್ಕಿ ಚುಕ್ಕಿಯಾಗಿ ಮೊಳೆಯುತ್ತದೆ. ಬೆರಳ ತುದಿಯಲ್ಲಿ, ತುಟಿಯಲ್ಲಿ ಕೂದಲೇ ಇಲ್ಲ. ಮಚ್ಚೆಯೊಳಗಿನ ಕೂದಲೂ ನರೆತಿದ್ದರೆ ಅಲ್ಲಿ ಬೀಜ ಮುಗಿದಿದೆ ಅಂತ ಅರ್ಥ. ಇಂಥ ಕಡೆ ಬೆಳಕಿನ ಜೊತೆ ಸೂಜಿಯನ್ನೂ ಸೇರಿಸಿ ವೈದ್ಯರು ಪ್ರಯತ್ನ ಮಾಡಬಹುದು, ಅಥವಾ ಚರ್ಮ ಕಸಿ ಹೇಳಬಹುದು. 'ಬೆರಳಿಗೆ ನೂರಕ್ಕೆ ನೂರು ಗ್ಯಾರಂಟಿ' ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ.

ಬಣ್ಣ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಚಿಕಿತ್ಸೆ ಪೂರ್ತಿ ನಿಲ್ಲಿಸಿದರೆ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 40 ಜನರಿಗೆ ಮತ್ತೆ ಬಿಳಿ ಬರುತ್ತದೆ. ವಾರಕ್ಕೆ ಎರಡು ಸಲ ಟ್ಯಾಕ್ರೊಲಿಮಸ್ ಮುಲಾಮು ಹಚ್ಚಿದವರಲ್ಲಿ ಇದು ಬಹಳ ಕಡಿಮೆ ಆಯಿತು ಅಂತ 2015ರ ಒಂದು ಅಧ್ಯಯನ ತೋರಿಸಿದೆ. ಇದೇ ನಮ್ಮ ಮೂರನೇ ಹೆಜ್ಜೆ.

ಖರ್ಚಿನ ಲೆಕ್ಕ

ಹಳೇಬೀಡಿನಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರ್. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2006ರಿಂದ ಇದೆ, ಚರ್ಮರೋಗ ವಿಭಾಗವೂ ಇದೆ. ಮೊದಲು ಅಲ್ಲಿ ಚೀಟಿ ಮಾಡಿಸಿ ತೋರಿಸಿ. ವಾರಕ್ಕೆ ಎರಡು ದಿನ ಬೆಳಕಿನ ಚಿಕಿತ್ಸೆ ಅಂದರೆ 6 ತಿಂಗಳಿಗೆ ಸುಮಾರು 50 ಸಲ ಓಡಾಟ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚು ಉಳಿಯಿತು. ಆದರೆ 50 ದಿನದ ಕೂಲಿ, 50 ದಿನದ ಶಾಲೆ? ಲೆಕ್ಕಕ್ಕೆ ಸೇರಿಸಬೇಕಾದ್ದು ಅದು. ಮುಲಾಮಿನ ಖರ್ಚಿಗಿಂತ ಅದೇ ದೊಡ್ಡದು.

ಇದರಲ್ಲಿ ಸಂಘ ಸಹಾಯ ಮಾಡಬಹುದು. ದೊಡ್ಡ ಮೊತ್ತ ಒಂದೇ ಸಲ ಕೊಟ್ಟರೆ ಅದು ಪ್ಯಾಕೇಜ್ ಮಾರುವವರ ಕೈಗೆ ಹೋಗುತ್ತದೆ. ತಿಂಗಳಿಗಿಷ್ಟು ಅಂತ ಸಣ್ಣ ಸಾಲವಾಗಿ ಕೊಟ್ಟರೆ ಒಂದು ವರ್ಷದ ಚಿಕಿತ್ಸೆ ತಪ್ಪದೆ ನಡೆಯುತ್ತದೆ. ಸಾಲ ಮಂಜೂರು ಮಾಡುವ ಮುಂಚೆ ಸದಸ್ಯೆಯೇ ಆಸ್ಪತ್ರೆಯಲ್ಲಿ ಈ ಆರು ಪ್ರಶ್ನೆ ಕೇಳಿಕೊಂಡು ಬರಲಿ:

1. ಇದು ತೊನ್ನು ಅಂತ ಖಾತ್ರಿಯಾಗಿದೆಯೇ?
2. ಹರಡುವುದು ನಿಂತಿದೆಯೇ?
3. ಸೂಜಿಯ ಜೊತೆ ಯಾವ ಮದ್ದು, ಯಾವ ಬೆಳಕು ಕೊಡುತ್ತೀರಿ?
4. ನನ್ನ ಮಚ್ಚೆ ಇರುವ ಜಾಗದಲ್ಲಿ ಎಷ್ಟು ಫಲ ನಿರೀಕ್ಷೆ ಮಾಡಬಹುದು?
5. ಒಟ್ಟು ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ಹಣ?
6. ಸೂಜಿ ನನ್ನೊಬ್ಬಳಿಗೇ ಹೊಸದಾಗಿ ಬಿಚ್ಚಿದ್ದೇ?

ಆರನೆಯದು ಬಹಳ ಮುಖ್ಯ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬಳಸಿದರೆ ಕಾಮಾಲೆ ತರುವ ಹೆಪಟೈಟಿಸ್ ಬಿ, ಎಚ್‌ಐವಿ ಸೋಂಕು ಬರಬಹುದು. ಫೋನಿನಲ್ಲಿ ಆರ್ಡರ್ ಮಾಡಿದರೆ ಸೂಜಿ ಉರುಳೆ ಮನೆ ಬಾಗಿಲಿಗೇ ಬರುತ್ತೆ. ಅದನ್ನು ತರಿಸಿ ಅಕ್ಕ ತಂಗಿ ಇಬ್ಬರೂ ಉರುಳಿಸಿಕೊಳ್ಳುವುದು ಬೇಡ. ಬ್ಯೂಟಿ ಪಾರ್ಲರಿನಲ್ಲೂ ಬೇಡ. ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಲ್ಲಿ ಕೂರುವುದು ಹಳೆಯ ಪದ್ಧತಿ. ಆ ಬೀಜದಲ್ಲಿ ಬಿಸಿಲಿಗೆ ಚರ್ಮವನ್ನು ಚುರುಕು ಮಾಡುವ ಅಂಶ ನಿಜವಾಗಿಯೂ ಇದೆ, ಅದಕ್ಕೇ ಅಳತೆ ತಪ್ಪಿದರೆ ಬೊಬ್ಬೆ ಎದ್ದು ಸುಡುತ್ತದೆ. ಸುಟ್ಟ ಜಾಗದಲ್ಲಿ ಮತ್ತೆ ತೊನ್ನು ಬರುವ ಅಪಾಯ ಇದೆ. ಇದನ್ನೂ ವೈದ್ಯರನ್ನು ಕೇಳದೆ ಮಾಡಬೇಡಿ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

'ನೋವಾಗುತ್ತದೆಯೇ?' ಮುಲಾಮು ಹಚ್ಚಿರುವುದರಿಂದ ತಡೆಯುವಷ್ಟು ಇರುತ್ತದೆ. ಒಂದೆರಡು ದಿನ ಕೆಂಪಗಿರುತ್ತದೆ. ಆ ದಿನ ಸಗಣಿ, ಗೊಬ್ಬರ, ಕೊಟ್ಟಿಗೆ ಕೆಲಸ ಬೇಡ. ಕೀವು, ಜ್ವರ, ಹುಣ್ಣು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

'ಏನೂ ಚಿಕಿತ್ಸೆ ಮಾಡಿಸದಿದ್ದರೆ ಜೀವಕ್ಕೆ ಅಪಾಯವೇ?' ಇಲ್ಲ. ಬಿಳಿ ಜಾಗಕ್ಕೆ ಬಿಸಿಲು ಬೇಗ ಸುಡುತ್ತದೆ, ಆದ್ದರಿಂದ ಹೊಲಕ್ಕೆ ಹೋಗುವಾಗ ತುಂಬು ತೋಳಿನ ಅಂಗಿ, ತಲೆಗೆ ಬಟ್ಟೆ ಇರಲಿ. ಚಿಕಿತ್ಸೆ ಬೇಡ, ನಾನು ಹೀಗೇ ಇರ್ತೀನಿ ಅಂತ ಒಬ್ಬ ಹೆಣ್ಣುಮಗಳು ಹೇಳಿದರೆ ಅದೂ ಸರಿಯಾದ ತೀರ್ಮಾನವೇ.

'ಮದುವೆ ಗೊತ್ತಾಗಿದೆ, ಮೂರು ತಿಂಗಳಲ್ಲಿ ಹೋಗಿಸಬಹುದೇ?' ತಾಯಂದಿರೇ, ಈ ಪ್ರಶ್ನೆಯೇ ನಮ್ಮನ್ನು ಮೋಸಗಾರರ ಬಾಗಿಲಿಗೆ ಕರೆದೊಯ್ಯುವುದು. ಮೂರು ತಿಂಗಳಿಗೆ ಮುಕ್ಕಾಲು ಬಣ್ಣ ಬಂದವರು ನೂರಕ್ಕೆ 13 ಜನ ಮಾತ್ರ. ಮುಹೂರ್ತಕ್ಕೆ ತಕ್ಕಂತೆ ಚರ್ಮ ನಡೆಯುವುದಿಲ್ಲ. ಗಂಡಿನ ಮನೆಯವರಿಗೆ ಮೊದಲೇ ಹೇಳಿ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಹುಡುಗಿ ದಿನವೂ ಹೆದರಿಕೊಂಡು ಬದುಕಬೇಕಾಗುತ್ತೆ.

ಜೂನ್ 25 ವಿಶ್ವ ತೊನ್ನು ದಿನ. ತನಗೆ ತೊನ್ನು ಇದೆ ಅಂತ 1993ರಲ್ಲಿ ಟಿವಿಯಲ್ಲಿ ಹೇಳಿದ ಹಾಡುಗಾರ ಮೈಕಲ್ ಜಾಕ್ಸನ್ ತೀರಿಕೊಂಡ ದಿನ ಅದು. ಆ ವಾರದ ಸಭೆಯಲ್ಲಿ ಪ್ರತಿ ಸಂಘವೂ ಅರ್ಧ ಗಂಟೆ ಈ ವಿಷಯಕ್ಕೆ ಇಡಲಿ ಅಂತ ಕೇಳಿಕೊಳ್ತೀನಿ. ಮುಂದೆ ಯಾವ ಸದಸ್ಯೆ ಇದಕ್ಕೆ ಸಾಲ ಕೇಳಿದರೂ ನಡಾವಳಿ ಪುಸ್ತಕದಲ್ಲಿ 'ಮನೆ ಖರ್ಚಿಗೆ' ಅಂತ ಬರೆಯುವುದು ಬೇಡ. 'ಚರ್ಮದ ಚಿಕಿತ್ಸೆಗೆ' ಅಂತಲೇ ಬರೆಯಿರಿ. ಆರು ಪ್ರಶ್ನೆಗಳ ಉತ್ತರವನ್ನೂ ಅದರ ಕೆಳಗೆ ಬರೆಯಿರಿ. ಆ ಪುಟ ಮುಂದಿನ ತಾಯಿಗೆ ದಾರಿ ತೋರಿಸುತ್ತದೆ.